ಗಾಳಿ ಬಂದೂಕಿನ ಕ್ಯಾಪ್ಟನ್

ಏರ್ ಗನ್ ಅಂದ ಕೂಡಲೇ ನಮಗೆಲ್ಲ ನೆನಪಾಗೋದು ಜಾತ್ರೆಯಲ್ಲಿ ಬಲೂನ್ ಹೊಡೆಯೋ ಬಂದೂಕು. ಆದರೆ ಇನ್ನೂರು ವರ್ಷಗಳ ಹಿಂದೆ ಒಬ್ಬ ಸೈನ್ಯಾಧಿಕಾರಿ, ಪಂಪ್ ಹೊಡೆದು ಗಾಳಿ ತುಂಬುವ ಬಂದೂಕೊಂದನ್ನು ಹೊತ್ತುಕೊಂಡು ಅಮೆರಿಕ ಖಂಡ ದಾಟಲು ಹೊರಟ. ಅವನೇ ಮೆರಿವೆದರ್ ಲೂಯಿಸ್.

1774ರ ಆಗಸ್ಟ್ 18ರಂದು ವರ್ಜೀನಿಯಾದಲ್ಲಿ ಹುಟ್ಟಿದ ಲೂಯಿಸ್, ಐದು ವರ್ಷದವನಿದ್ದಾಗಲೇ ತಂದೆಯನ್ನು ಕಳೆದುಕೊಂಡ. ತಾಯಿ ಲೂಸಿ ಗಿಡಮೂಲಿಕೆ ಔಷಧಿ ಕೊಡುವುದರಲ್ಲಿ ಹೆಸರಾದವರು. ಇಪ್ಪತ್ತನೇ ವಯಸ್ಸಿಗೆ ಬಂದೂಕು ಹಿಡಿದವನು ಮುಂದೆ ಸೈನ್ಯದಲ್ಲೇ ಉಳಿದ. 1801ರಲ್ಲಿ ಅಧ್ಯಕ್ಷ ಜೆಫರ್ಸನ್ ಅವನನ್ನು ಕಾರ್ಯದರ್ಶಿ ಮಾಡಿಕೊಂಡರು. 1803ರಲ್ಲಿ, ಮಿಸೌರಿ ನದಿ ಹಿಡಿದು ಪೆಸಿಫಿಕ್ ಸಾಗರದ ತನಕ ದಾರಿ ಹುಡುಕು ಅಂತ ಕಳಿಸಿದರು. ದಾರಿಯಲ್ಲಿ ಸರ್ಕಾರದ ಹೆಸರಲ್ಲಿ ಬೇಕಾದಷ್ಟು ಸಾಲ ಎತ್ತಬಹುದು ಅನ್ನೋ ಪತ್ರವನ್ನೂ ಕೈಗಿಟ್ಟರು.

ಆ ಬಂದೂಕು ಆಸ್ಟ್ರಿಯಾದ ಸೈನ್ಯಕ್ಕಾಗಿ ಜಿರಾಂಡೋನಿ ಎಂಬಾತ ರೂಪಿಸಿದ ಮಾದರಿ ಅಂತ ಈಗ ಬಹಳ ಮಂದಿ ಒಪ್ಪುತ್ತಾರೆ. ಅದರ ಹಿಂಬದಿಯ ಹಿಡಿಯೇ ಗಾಳಿಯ ಟ್ಯಾಂಕು. ಅದನ್ನು ಬಿಚ್ಚಿ ಕೈಪಂಪಿಗೆ ಸಿಕ್ಕಿಸಿ ಸುಮಾರು 1500 ಸಲ ಒತ್ತಬೇಕು! ಒತ್ತಡ ಸುಮಾರು 800 ಪಿಎಸ್‌ಐಗೆ ಏರುತ್ತೆ. ಆಮೇಲೆ 20ಕ್ಕೂ ಹೆಚ್ಚು ಗುಂಡು ಒಂದರ ಹಿಂದೆ ಒಂದು. ಹೊಗೆಯಿಲ್ಲ, ಬೆಂಕಿಯಿಲ್ಲ. ಆದರೆ ಚರ್ಮದ ವಾಷರ್ ಒಣಗಿದರೆ ಗಾಳಿ ಸೋರಿ ಎಲ್ಲಾ ಶ್ರಮ ವ್ಯರ್ಥ.

ಪಿಟ್ಸ್‌ಬರ್ಗ್ ಬಿಟ್ಟ ದಿನವೇ ಎಡವಟ್ಟಾಯಿತು. ಬಂದೂಕು ನೋಡಲು ತೆಗೆದುಕೊಂಡವನೊಬ್ಬನ ಕೈಯಲ್ಲಿ ಅದು ತಾನಾಗಿ ಹಾರಿ, 40 ಗಜ ದೂರದಲ್ಲಿದ್ದ ಹೆಂಗಸಿನ ತಲೆ ಸವರಿತು. ಆಕೆ ಬದುಕಿದಳು, ಸದ್ಯ. 1804ರ ಮೇ ತಿಂಗಳಲ್ಲಿ ಲೂಯಿಸ್ ಮತ್ತು ಕ್ಲಾರ್ಕ್ ಅವರ ತಂಡ ಮಿಸೌರಿ ಏರತೊಡಗಿತು. ಆಗಸ್ಟ್ 3ರಂದು ಓಟೋ ಮತ್ತು ಮಿಸೌರಿ ಜನರ ಮುಖಂಡರನ್ನು ಕೂರಿಸಿ, ನಿಮಗೀಗ ಹೊಸ ದೊರೆ ಅಂತ ಭಾಷಣ ಮಾಡಿ, ಕೊನೆಗೆ ಲೂಯಿಸ್ ಈ ಬಂದೂಕು ಹಾರಿಸಿ ತೋರಿಸಿದ. ಅವರು ಬೆರಗಾದರು. ಆ ಆಟದ ಒಳಗೆ ಏನಿತ್ತು ಅಂತ ಬಿಡಿಸಿ ಹೇಳಬೇಕಿಲ್ಲ: ಮುಂದೆ ಆ ಜನರು ನೆಲ ಕಳೆದುಕೊಂಡದ್ದು ಎಲ್ಲರಿಗೂ ಗೊತ್ತು.

ನಮಗೆ ಇಷ್ಟವಾದ ಪಾತ್ರ ಮಾತ್ರ ತಂಡದ ಕಮ್ಮಾರ ಜಾನ್ ಶೀಲ್ಡ್ಸ್. 1805ರ ಜೂನ್ 10ರಂದು, ಊರು ಕೇರಿ ಇಲ್ಲದ ನದಿ ದಂಡೆಯಲ್ಲಿ ಕೂತು ಈ ಬಂದೂಕಿಗೆ ಹೊಸ ಮೇನ್‌ಸ್ಪ್ರಿಂಗ್ ಹಾಕಿಕೊಟ್ಟ. ಎರಡು ತಿಂಗಳಿಗೆ ಗುರಿ ನೋಡುವ ಭಾಗ ಅಲುಗಾಡಿತು. ಅದನ್ನು ಲೂಯಿಸ್ ತಾನೇ ಸರಿಮಾಡಿದ. ನವೆಂಬರ್ ಹೊತ್ತಿಗೆ ತಂಡ ಪೆಸಿಫಿಕ್ ಮುಟ್ಟಿತು, 1806ರ ಸೆಪ್ಟೆಂಬರ್ 23ಕ್ಕೆ ಸೇಂಟ್ ಲೂಯಿಸ್‌ಗೆ ವಾಪಸ್.

ಬಂದೂಕು ಕೆಟ್ಟಾಗ ಶೀಲ್ಡ್ಸ್ ಇದ್ದ. ಲೂಯಿಸ್‌ನ ಬದುಕು ಕೆಟ್ಟಾಗ ಹಾಗೆ ಯಾರೂ ಒದಗಲಿಲ್ಲ. ಲೂಯಿಸಿಯಾನ ಪ್ರಾಂತ್ಯದ ಗವರ್ನರ್ ಆದವನಿಗೆ ಕಚೇರಿ ಕೆಲಸ ಒಗ್ಗಲಿಲ್ಲ. ಒಂದು ಕಾಲಕ್ಕೆ ಮಿತಿಯಿಲ್ಲದ ಸಾಲಪತ್ರ ಕೊಟ್ಟಿದ್ದ ಸರ್ಕಾರವೇ, ಕಾನೂನು ಅನುವಾದಕ್ಕೆ ಕೊಟ್ಟ 18.70 ಡಾಲರ್ ಬಿಲ್ಲನ್ನೂ ತಿರಸ್ಕರಿಸಿತು. ಸಾಲಗಾರರು ಮುತ್ತಿದರು. ಪ್ರವಾಸದ ಪುಸ್ತಕ ಬರೆದು ಮುಗಿಯಲಿಲ್ಲ. ಲೆಕ್ಕ ಒಪ್ಪಿಸಲು ದಿನಚರಿಗಳ ಸಮೇತ ವಾಷಿಂಗ್ಟನ್‌ಗೆ ಹೊರಟವನು, 1809ರ ಅಕ್ಟೋಬರ್ 11ರಂದು ಟೆನೆಸ್ಸಿಯ ದಾರಿಬದಿ ತಂಗುದಾಣದಲ್ಲಿ ಗುಂಡೇಟಿನಿಂದ ಸತ್ತ. ಕೊಲೆ ಅನ್ನುವವರಿದ್ದಾರೆ, ಹೆಚ್ಚಿನ ಇತಿಹಾಸಕಾರರು ಆತ್ಮಹತ್ಯೆ ಅನ್ನುತ್ತಾರೆ. ವಯಸ್ಸು ಬರೀ 35.

ಎಷ್ಟೋ ಕಾಲದ ನಂತರ, ಸಂಗ್ರಾಹಕರೊಬ್ಬರ ಬಳಿಯಿದ್ದ ಹಳೆಯ ಜಿರಾಂಡೋನಿಯನ್ನು ನಕಲು ಮಾಡಲೆಂದು ಬಿಚ್ಚಿದಾಗ, ಒಳಗಿನ ಮೇನ್‌ಸ್ಪ್ರಿಂಗ್ ಹಳೇ ಅರವನ್ನು ಬಡಿದು ಮಾಡಿದಂತೆ ಕಂಡಿತಂತೆ. ಇದೇ ಲೂಯಿಸ್‌ನ ಬಂದೂಕು ಅಂತ ವಾದ ಗಟ್ಟಿಯಾಗಲು ಇದೂ ಒಂದು ಕಾರಣ. ಎಲ್ಲರೂ ಒಪ್ಪಿಲ್ಲ, ಆ ಮಾತು ಬೇರೆ. ಆದರೆ ನಡುವೆ ಯಾರಾದರೂ ಚೆಂದ ಕಾಣಲಿ ಅಂತ ಆ ಒರಟು ಸ್ಪ್ರಿಂಗ್ ಕಿತ್ತೆಸೆದು ಹೊಸದು ಹಾಕಿದ್ದರೆ, ವಾದಿಸೋಕೂ ಏನೂ ಉಳಿಯುತ್ತಿರಲಿಲ್ಲ. ಹಳೇ ಯಂತ್ರ ಬಿಚ್ಚೋ ನಾವೆಲ್ಲ ಇದನ್ನು ನೆನಪಿಟ್ಟುಕೊಂಡರೆ ಒಳ್ಳೇದು.