ತಾಳೆಯೋಲೆಯ ಕಟ್ಟುಗಳನ್ನು ಬಿಚ್ಚಿದ ವಕೀಲರು



ಯೆಹೂದದ ಅರಸನಾದ ಯೋಷೀಯನ ಕಾಲದಲ್ಲಿ ದೇವಾಲಯವನ್ನು ದುರಸ್ತುಮಾಡುತ್ತಿರಲಾಗಿ ಧರ್ಮಶಾಸ್ತ್ರದ ಗ್ರಂಥವು ಸಿಕ್ಕಿದ ಸಂಗತಿಯನ್ನು ನೀವು ಬಲ್ಲಿರಿ. ಗ್ರಂಥವು ಆಲಯದಲ್ಲಿಯೇ ಇತ್ತು. ಅದನ್ನು ಓದುವವರು ಮಾತ್ರ ಇರಲಿಲ್ಲ. ಇದಕ್ಕೆ ಹೋಲುವ ಒಂದು ಸಂಗತಿಯು ನಮ್ಮ ನೆರೆಯವರಾದ ಲಿಂಗಾಯತರಲ್ಲಿ, ಬಿಜ್ಜರಗಿಯ ನಾವು ಸಂತೆಗೂ ಕೋರ್ಟಿಗೂ ಹೋಗಿಬರುವ ವಿಜಾಪುರ ಪಟ್ಟಣದಲ್ಲಿಯೇ ನಡೆಯಿತು.

ಶ್ರೀ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು 1880ನೆಯ ಇಸವಿ ಜುಲೈ 2ರಂದು ಧಾರವಾಡದಲ್ಲಿ ಹುಟ್ಟಿದರು. ತಂದೆಯವರು ಶಿಕ್ಷಕರು. ಮಗನು ಎಳೆಯ ವಯಸ್ಸಿನಲ್ಲಿಯೇ ತಾಯಿಯನ್ನು ಕಳೆದುಕೊಂಡನು. ಮುಂಬಯಿಯಲ್ಲಿ ಕಾನೂನು ಕಲಿತು, ವಕೀಲರಾಗಿ ವಿಜಾಪುರದಲ್ಲಿ ನೆಲೆಸಿದರು. 1910ರಲ್ಲಿ ಅಲ್ಲಿ ವಿದ್ಯಾಸಂಸ್ಥೆಯೊಂದು ಸ್ಥಾಪಿತವಾಗುವುದಕ್ಕೆ ಮುಂದಾಳಾದರು. ಹೀಗೆಯೇ ಮುಂದುವರಿದಿದ್ದರೆ ಧನವೂ ಮಾನವೂ ಬೇಕಾದಷ್ಟು ದೊರೆಯುತ್ತಿದ್ದವು.

ಆದರೆ ಅವರ ಮನಸ್ಸನ್ನು ಬೇರೊಂದು ಕಾರ್ಯವು ಹಿಡಿಯಿತು. ಹನ್ನೆರಡನೆಯ ಶತಮಾನದ ಶರಣರ ವಚನಗಳು ಮಠಗಳಲ್ಲಿಯೂ ಮನೆಗಳಲ್ಲಿಯೂ ತಾಳೆಯೋಲೆಗಳ ಮೇಲೆ ಉಳಿದಿದ್ದವು. ಅನೇಕ ಕಡೆ ಅವುಗಳನ್ನು ಬಟ್ಟೆಯಲ್ಲಿ ಸುತ್ತಿ ಜಗಲಿಯ ಮೇಲಿಟ್ಟು ಪೂಜಿಸುತ್ತಿದ್ದರು. ಬಿಚ್ಚಿ ಓದುವವರು ವಿರಳರಾಗಿದ್ದರು. ಪೂಜೆಯು ನಡೆಯುತ್ತಲೇ ಇರಲು, ಒಳಗೆ ಹುಳವು ಓಲೆಯನ್ನು ತಿನ್ನುತ್ತಿತ್ತು. ಹಳಕಟ್ಟಿಯವರು ಊರೂರು ತಿರುಗಿ ಬೇಡಿ ಆ ಕಟ್ಟುಗಳನ್ನು ಕೂಡಿಸಿದರು, ಪ್ರತಿಗಳನ್ನು ಒಂದಕ್ಕೊಂದು ಹೋಲಿಸಿ ನೋಡಿದರು, ಸಾಮಾನ್ಯ ಓದುಗನಿಗೂ ತಿಳಿಯುವಂತೆ ವಚನಗಳನ್ನು ವಿಷಯವಾರು ವಿಂಗಡಿಸಿದರು.

ಅಚ್ಚುಮಾಡಿಸುವ ಕಾಲಕ್ಕೆ ಹಸ್ತಪ್ರತಿಯನ್ನು ಮಂಗಳೂರಿನ ಬಾಸೆಲ್ ಮಿಶನ್ ಅಚ್ಚುಕೂಟಕ್ಕೆ ಕಳುಹಿಸಿದರೆಂದೂ ಅದು ಅಚ್ಚಾಗದೆ ಹಿಂದಿರುಗಿತೆಂದೂ ಅವರ ಚರಿತ್ರೆಯನ್ನು ಬರೆದವರು ಹೇಳುತ್ತಾರೆ. ಕನ್ನಡದ ಹಳೆಯ ಗ್ರಂಥಗಳನ್ನು ಅಚ್ಚಿಗೆ ತಂದ ಮೋಗ್ಲಿಂಗ್, ನಿಘಂಟನ್ನು ಕಟ್ಟಿದ ಕಿಟ್ಟೆಲ್ ಮೊದಲಾದವರ ಮಿಶನ್ನಿನ ವಿಷಯದಲ್ಲಿ ಈ ಮಾತನ್ನು ಕೇಳುವುದು ನಮಗೆ ಸುಖವಲ್ಲ. ಆದರೂ ಅದನ್ನು ಮರೆಮಾಚುವುದು ಯುಕ್ತವಲ್ಲ. ಹಳಕಟ್ಟಿಯವರು ಎದೆಗುಂದಲಿಲ್ಲ. ವಚನಶಾಸ್ತ್ರಸಾರದ ಮೊದಲನೆಯ ಭಾಗವು 1923ರಲ್ಲಿ ಹೊರಬಿತ್ತು. ಆಮೇಲೆ ಸ್ವಂತ ಮನೆಯನ್ನು ಮಾರಿ, 1925ರಲ್ಲಿ ಹಿತಚಿಂತಕ ಎಂಬ ಅಚ್ಚುಕೂಟವನ್ನು ತೆರೆದು, ತಾವು ಬಾಡಿಗೆಯ ಮನೆಯಲ್ಲಿ ವಾಸಿಸಿದರು. 1926ರಲ್ಲಿ ಶಿವಾನುಭವ ಪತ್ರಿಕೆಯನ್ನು ಆರಂಭಿಸಿದರು. ಅದೇ ವರ್ಷ ಬಳ್ಳಾರಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. 1964ನೆಯ ಇಸವಿ ಜೂನ್ 29ರಂದು ತೀರಿಕೊಂಡರು.

ಇಷ್ಟು ಶ್ರಮವೇಕೆಂದು ನೀವು ಕೇಳಬಹುದು. ಆ ಓಲೆಗಳಲ್ಲಿ ಮಾದಾರ ಚೆನ್ನಯ್ಯನ, ಅಂಬಿಗರ ಚೌಡಯ್ಯನ, ಮಡಿವಾಳ ಮಾಚಯ್ಯನ ಮಾತುಗಳಿದ್ದವು. ದುಡಿಯುವ ಕೈ ಹೀನವಲ್ಲವೆಂದೂ ಹುಟ್ಟಿನಿಂದ ಯಾರೂ ಮೇಲಲ್ಲವೆಂದೂ ಎಂಟುನೂರು ವರ್ಷಗಳ ಹಿಂದೆ ಹೇಳಿದ ಮಾತು ಕಟ್ಟಿನೊಳಗೆ ಮೌನವಾಗಿತ್ತು. ಅದನ್ನು ಪೂಜಿಸುವ ಊರುಗಳಲ್ಲಿಯೇ ಕೇರಿಯ ಜನರು ಬಾವಿಯಿಂದ ದೂರ ನಿಲ್ಲುತ್ತಿದ್ದರು. ಮಾತು ಹಳೆಯದಾದದ್ದರಿಂದ ಅದು ನಿಷ್ಫಲವಾಗಲಿಲ್ಲ, ಓದದೆ ಹೋದದ್ದರಿಂದ ನಿಷ್ಫಲವಾಯಿತು. ಅಚ್ಚಾದ ಮೇಲೆ ಯಾವ ಕೇರಿಯ ಹುಡುಗನಾದರೂ ಅದನ್ನು ಕೈಯಲ್ಲಿ ಹಿಡಿದು, ಇಲ್ಲಿ ಹೀಗೆ ಬರೆದಿದೆಯಲ್ಲಾ ಎಂದು ಕೇಳಬಲ್ಲವನಾದನು.

ಸಹೋದರರೇ, ಸಹೋದರಿಯರೇ, ನಮ್ಮ ಮನೆಗಳಲ್ಲಿಯೂ ಸತ್ಯವೇದವು ಇದೆ. ಅದನ್ನು ನಮ್ಮ ಭಾಷೆಯಲ್ಲಿ ಓದುವುದಕ್ಕೆ ನಾವು ಮನೆ ಮಾರಬೇಕಾಗಿಲ್ಲ, ಓಲೆಗಾಗಿ ಊರೂರು ತಿರುಗಬೇಕಾಗಿಲ್ಲ. ಆದರೂ ಎಷ್ಟೋ ಮನೆಗಳಲ್ಲಿ ಅದು ಬಟ್ಟೆಯಲ್ಲಿ ಸುತ್ತಿಕೊಂಡು ಮಾಡದಲ್ಲಿದ್ದು, ಮದುವೆಗೂ ಮರಣಕ್ಕೂ ಮಾತ್ರ ಕೆಳಗಿಳಿಯುತ್ತದೆ. ನೆರೆಯವರ ಮನೆಯ ಒಬ್ಬ ವಕೀಲರು ತಮ್ಮ ಹಿರಿಯರ ಮಾತಿಗಾಗಿ ಅಷ್ಟು ಮಾಡಿದರು. ಈ ಹೊತ್ತು ಸಂಜೆ ದೀಪ ಹಚ್ಚಿದ ಮೇಲೆ ನಾವು ಒಂದು ಅಧ್ಯಾಯವನ್ನಾದರೂ ಮಕ್ಕಳ ಕೈಯಿಂದ ಗಟ್ಟಿಯಾಗಿ ಓದಿಸಿ ಕೇಳೋಣ.