ಕಡಿಮೆ ರೊಕ್ಕದಲ್ಲಿ ಟಿವಿ: ವಿಕ್ರಮ್ ಸಾರಾಭಾಯ್ ಹಾಕಿದ ಲೆಕ್ಕ

ವಿಕ್ರಮ್ ಸಾರಾಭಾಯ್ ಹೆಸರು ನಮಗೆಲ್ಲ ಗೊತ್ತು. 2023ರ ಆಗಸ್ಟ್ 23ರಂದು ಚಂದ್ರನ ಮೇಲೆ ಇಳಿದ ಲ್ಯಾಂಡರ್‌ಗೆ ಅವರದೇ ಹೆಸರು. ಸಾಮಾನ್ಯ ಜ್ಞಾನದ ಪುಸ್ತಕದಲ್ಲಿ ಭಾರತದ ಬಾಹ್ಯಾಕಾಶ ಕಾರ್ಯಕ್ರಮದ ಪಿತಾಮಹ ಅಂತ ಒಂದು ಸಾಲು ಇರುತ್ತೆ, ಅದನ್ನು ಬಾಯಿಪಾಠ ಮಾಡಿದರೆ ಒಂದು ಮಾರ್ಕು. ಅಲ್ಲಿಗೆ ಮುಗೀತು. ಆದರೆ ಬದುಕಿನ ಕೊನೆಯ ಕೆಲವು ವರ್ಷ ಅವರನ್ನು ಕಾಡಿದ ಪ್ರಶ್ನೆಗಳಲ್ಲಿ ಒಂದು ತೀರಾ ಮನೆಮಂದಿಯ ಪ್ರಶ್ನೆ. ಕೈಯಲ್ಲಿ ರೊಕ್ಕ ಕಡಿಮೆ ಇದ್ದಾಗ ಎಂಥ ಟಿವಿ ತಗೋಬೇಕು? ವ್ಯತ್ಯಾಸ ಇಷ್ಟೇ, ನಾವು ಒಂದು ಮನೆಗೆ ಯೋಚಿಸ್ತೇವೆ, ಅವರು ಐದೂವರೆ ಲಕ್ಷ ಹಳ್ಳಿಗಳಿಗೆ ಯೋಚಿಸಿದರು.

ವಿಕ್ರಮ್ ಹುಟ್ಟಿದ್ದು 1919ರ ಆಗಸ್ಟ್ 12ರಂದು, ಅಹಮದಾಬಾದಿನಲ್ಲಿ. ತಂದೆ ಅಂಬಾಲಾಲ್ ಸಾರಾಭಾಯ್ ಕ್ಯಾಲಿಕೋ ಬಟ್ಟೆ ಗಿರಣಿಯ ಮಾಲೀಕರು, ತಾಯಿ ಸರಳಾದೇವಿ. ಎಂಟು ಜನ ಮಕ್ಕಳು. ದೊಡ್ಡ ಶ್ರೀಮಂತಿಕೆಯ ಮನೆ, ಆದರೂ ಸ್ವಾತಂತ್ರ್ಯ ಚಳವಳಿ ಮನೆಯೊಳಗೇ ಇತ್ತು. ಅಕ್ಕ ಮೃದುಲಾ ಜೈಲಿಗೂ ಹೋಗಿ ಬಂದವರು. ಮಕ್ಕಳಿಗೆ ಮನೆಯ ಆವರಣದಲ್ಲೇ ಮಾಂಟೆಸ್ಸೋರಿ ಮಾದರಿಯ ಶಾಲೆ. ಅಂದರೆ ಇವರಿಗೆ ಹಣದ ಕಷ್ಟ ಯಾವತ್ತೂ ಇರಲಿಲ್ಲ. ಇಂಥವರು ಮುಂದೆ ಒಂದೊಂದು ಪೈಸೆಯ ಲೆಕ್ಕ ಹಾಕೋಕೆ ಕೂತಿದ್ದು ನಮಗೆ ಆಶ್ಚರ್ಯ ಅನ್ನಿಸೋ ಸಂಗತಿ.

ಗುಜರಾತ್ ಕಾಲೇಜಿನಲ್ಲಿ ಓದಿ ಕೇಂಬ್ರಿಡ್ಜ್‌ನ ಸೇಂಟ್ ಜಾನ್ಸ್ ಕಾಲೇಜಿಗೆ ಹೋದರು. 1940ರಲ್ಲಿ ಅಲ್ಲಿನ ಪದವಿ ಮುಗಿಯೋ ಹೊತ್ತಿಗೆ ಎರಡನೇ ಮಹಾಯುದ್ಧ ಜೋರಾಗಿತ್ತು. ವಾಪಸ್ ಬಂದವರು ಸೇರಿದ್ದು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ಸರ್ ಸಿ. ವಿ. ರಾಮನ್ ಹತ್ತಿರ. ಅಲ್ಲಿ ಕಾಸ್ಮಿಕ್ ಕಿರಣಗಳ ಮೇಲೆ ಸಂಶೋಧನೆ ಶುರುವಾಯಿತು. ಹೋಮಿ ಭಾಭಾ ಕೂಡ ಆಗ ಅಲ್ಲೇ ಇದ್ದರು. ದೇಶದ ಅಣುಶಕ್ತಿ ಕಟ್ಟಿದವರು, ಬಾಹ್ಯಾಕಾಶ ಕಟ್ಟಿದವರು ಇಬ್ಬರೂ ಒಂದೇ ಕ್ಯಾಂಪಸ್ಸಿನ ಮರಗಳ ಕೆಳಗೆ ಓಡಾಡಿದವರು ಅನ್ನೋದು ನಮಗೆ ಖುಷಿ ಕೊಡುವ ಮಾತು. ಭರತನಾಟ್ಯ ಕಲಾವಿದೆ ಮೃಣಾಲಿನಿ ಅವರ ಜೊತೆ 1942ರಲ್ಲಿ ಮದುವೆ ಆಯಿತು. ಯುದ್ಧ ಮುಗಿದ ಮೇಲೆ ಮತ್ತೆ ಕೇಂಬ್ರಿಡ್ಜ್‌ಗೆ ಹೋಗಿ 1947ರಲ್ಲಿ ಪಿಎಚ್‌ಡಿ ಮುಗಿಸಿ ಬಂದರು.

ಬಂದವರು ಸುಮ್ಮನೆ ಕೂರಲಿಲ್ಲ. 1947ರ ನವೆಂಬರ್‌ನಲ್ಲೇ ಅಹಮದಾಬಾದಿನ ಒಂದು ಕಾಲೇಜಿನ ಕೆಲವು ಕೋಣೆಗಳಲ್ಲಿ ಫಿಸಿಕಲ್ ರಿಸರ್ಚ್ ಲ್ಯಾಬೊರೇಟರಿ ಶುರು ಮಾಡಿದರು. ಅದೇ ಕಾಲಕ್ಕೆ ಬಟ್ಟೆ ಗಿರಣಿಗಳಿಗಾಗಿ ಅಟೀರಾ ಅನ್ನುವ ಸಂಶೋಧನಾ ಸಂಸ್ಥೆ ಕಟ್ಟಿದರು. 1961ರಲ್ಲಿ ಅಹಮದಾಬಾದಿನ ಐಐಎಂ ಆಗೋದರಲ್ಲೂ ಇವರ ಪಾತ್ರ ದೊಡ್ಡದು. ಬೈಲಹೊಂಗಲ ಅಂದರೆ ಹತ್ತಿ, ರಾಮದುರ್ಗ ಅಂದರೆ ಮಗ್ಗ ಅಂತ ಕೇಳಿ ಬೆಳೆದ ನಮಗೆ ಅಟೀರಾ ವಿಷಯ ಓದಿದಾಗ ಒಂದು ಮಾತು ತಟ್ಟಿತು. ಭೌತಶಾಸ್ತ್ರದ ಮನುಷ್ಯ ನೂಲಿನ ಸಮಸ್ಯೆಯನ್ನೂ ಅಷ್ಟೇ ಗಂಭೀರವಾಗಿ ತಗೊಂಡಿದ್ದರು. ಇದು ದೊಡ್ಡ ವಿಜ್ಞಾನ, ಇದು ಸಣ್ಣ ಕೆಲಸ ಅನ್ನೋ ಭೇದ ಅವರಲ್ಲಿ ಇರಲಿಲ್ಲ.

1962ರಲ್ಲಿ ಬಾಹ್ಯಾಕಾಶ ಸಂಶೋಧನೆಗೆ ರಾಷ್ಟ್ರೀಯ ಸಮಿತಿ ಆಯಿತು, ಇವರೇ ಅಧ್ಯಕ್ಷರು. ಕೇರಳದ ತುಂಬಾದಲ್ಲಿ ಮೀನುಗಾರರ ಹಳ್ಳಿಯ ಚರ್ಚೇ ಆಫೀಸಾಯಿತು. 1963ರ ನವೆಂಬರ್ 21ರಂದು ಅಮೆರಿಕದಿಂದ ಬಂದ ನೈಕ್-ಅಪಾಚೆ ರಾಕೆಟ್ ಅಲ್ಲಿಂದ ಹಾರಿತು. ಸೈಕಲ್ ಮೇಲೆ ರಾಕೆಟ್ ಭಾಗ ಒಯ್ಯುವ ಫೋಟೋ ನಾವೆಲ್ಲ ಸ್ಟೇಟಸ್‌ಗೆ ಹಾಕ್ತೇವಲ್ಲ, ಅದು ಇದೇ ತುಂಬಾದ ದಿನಗಳದ್ದು. 1966ರ ಜನವರಿಯಲ್ಲಿ ಭಾಭಾ ವಿಮಾನ ಅಪಘಾತದಲ್ಲಿ ತೀರಿಕೊಂಡ ಮೇಲೆ ಅಣುಶಕ್ತಿ ಆಯೋಗದ ಹೊಣೆಯೂ ಇವರ ಹೆಗಲಿಗೆ ಬಂತು. 1969ರ ಆಗಸ್ಟ್ 15ರಂದು ಇಸ್ರೋ ಹುಟ್ಟಿತು.

ಈಗ ಟಿವಿಗೆ ಬರೋಣ. ಆಗ ಭಾರತದಲ್ಲಿ ಟಿವಿ ಇದ್ದದ್ದು ದೆಹಲಿಯಲ್ಲಿ ಮಾತ್ರ. ಎರಡನೇ ಊರು ಮುಂಬಯಿ, ಅದೂ 1972ರಲ್ಲಿ. ಒಂದು ಊರಲ್ಲಿ ಟವರ್ ಹಾಕು, ಸುತ್ತ ಕೆಲವು ಕಿಲೋಮೀಟರ್ ಸಿಗ್ನಲ್ ಕೊಡು, ಆಮೇಲೆ ಇನ್ನೊಂದು ದೊಡ್ಡ ಊರಿಗೆ ಹೋಗು. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಹೋದರೆ ಮೊದಲು ಪಟ್ಟಣ, ಆಮೇಲೆ ಜಿಲ್ಲಾ ಕೇಂದ್ರ, ಕೊನೆಗೆ ಯಾವತ್ತೋ ಒಂದು ದಿನ ಹಳ್ಳಿ. ಸಾರಾಭಾಯ್ ಅವರಿಗೆ ಈ ಸಾಲೇ ಒಪ್ಪಿಗೆ ಆಗಲಿಲ್ಲ. ಶಾಲೆ ಸರಿಯಾಗಿಲ್ಲದ, ಡಾಕ್ಟರು ಬರದ, ಕೃಷಿ ಅಧಿಕಾರಿ ಮುಖ ತೋರಿಸದ ಊರಿಗೇ ಟಿವಿ ಮೊದಲು ಬೇಕು ಅನ್ನೋದು ಅವರ ವಾದ. ಸರದಿಯ ಕೊನೆಯಲ್ಲಿ ನಿಂತವರನ್ನು ಮೊದಲು ಕರೆಯೋ ತಂತ್ರಜ್ಞಾನ ಯಾವುದು ಅಂತ ಹುಡುಕಿದರು. ಉಪಗ್ರಹದ ಸಿಗ್ನಲ್‌ಗೆ ದೆಹಲಿಯೂ ಒಂದೇ, ಹಳ್ಳಿಯೂ ಒಂದೇ.

ಆದರೆ ಆಸೆ ಇದ್ದರೆ ಸಾಲದು, ಲೆಕ್ಕ ಬೇಕು. ಮೊದಲು ಸಣ್ಣದಾಗಿ ಪರೀಕ್ಷೆ ಮಾಡಿದರು. 1967ರ ಜನವರಿ 26ರಿಂದ ದೆಹಲಿ ಸುತ್ತಲಿನ 80 ಹಳ್ಳಿಗಳಲ್ಲಿ ಸಮುದಾಯದ ಟಿವಿ ಇಟ್ಟು ಕೃಷಿ ದರ್ಶನ ತೋರಿಸಲಾಯಿತು. ಅದೇ ವರ್ಷ ಅಹಮದಾಬಾದಿನಲ್ಲಿ ಉಪಗ್ರಹ ಸಂಪರ್ಕದ ಪ್ರಾಯೋಗಿಕ ಭೂಕೇಂದ್ರ ಶುರುವಾಯಿತು. ಇಡೀ ದೇಶಕ್ಕೆ ಟವರ್ ಹಾಕಿದರೆ ಎಷ್ಟು, ಬರೀ ಉಪಗ್ರಹ ಆದರೆ ಎಷ್ಟು, ಎರಡನ್ನೂ ಕೂಡಿಸಿದರೆ ಎಷ್ಟು ಅಂತ ಹೋಲಿಸಿ ನೋಡಿದರು. ಉಪಗ್ರಹವೂ ಇರಲಿ, ಜನ ದಟ್ಟವಾಗಿರುವ ಕಡೆ ಟವರೂ ಇರಲಿ ಅನ್ನೋ ಮಿಶ್ರ ದಾರಿಯೇ ಕೈಗೆಟುಕುತ್ತೆ ಅಂತ ಗೊತ್ತಾಯಿತು. 1969ರ ಸೆಪ್ಟೆಂಬರ್‌ನಲ್ಲಿ ನಾಸಾ ಜೊತೆ ಒಪ್ಪಂದ ಆಯಿತು. ಒಂದು ವರ್ಷ ಉಪಗ್ರಹ ಅವರದು; ನೆಲದ ಮೇಲಿನ ಟಿವಿ, ಆಂಟೆನಾ, ಕಾರ್ಯಕ್ರಮ ಎಲ್ಲ ನಮ್ಮದು. ಇದೇ ಸೈಟ್ ಅನ್ನುವ ಪ್ರಯೋಗ.

ಇಲ್ಲಿ ನಾವು ಇಂಜಿನಿಯರಿಂಗ್ ಮಕ್ಕಳು ಗಮನ ಇಟ್ಟು ನೋಡಬೇಕಾದ ಒಂದು ವಿಷಯ ಇದೆ. ಉಪಗ್ರಹ ಇರೋದು ಸುಮಾರು 36,000 ಕಿ.ಮೀ. ಮೇಲೆ. ಅದರ ಸಿಗ್ನಲ್ ದುರ್ಬಲ ಆದರೆ ನೆಲದಲ್ಲಿ ದೊಡ್ಡ, ದುಬಾರಿ ಆಂಟೆನಾ ಬೇಕು. ಸಿಗ್ನಲ್ ಗಟ್ಟಿ ಇದ್ದರೆ ನೆಲದ ಆಂಟೆನಾ ಸಣ್ಣದು, ಅಗ್ಗದ್ದು ಸಾಕು. ಉಪಗ್ರಹ ಒಂದೇ, ಹಳ್ಳಿಗಳು ಸಾವಿರಾರು. ಹಾಗಾದರೆ ಖರ್ಚನ್ನೂ ಕಷ್ಟವನ್ನೂ ಮೇಲೆ ಒಂದೇ ಕಡೆ ಹಾಕಿ, ಕೆಳಗೆ ಪ್ರತಿ ಊರಲ್ಲೂ ಉಳಿಸೋದು ಜಾಣತನ. ಎಟಿಎಸ್-6 ಉಪಗ್ರಹಕ್ಕೆ ಸುಮಾರು 9 ಮೀಟರ್ ಅಗಲದ, ಛತ್ರಿಯ ಹಾಗೆ ಬಿಚ್ಚಿಕೊಳ್ಳುವ ಆಂಟೆನಾ ಇತ್ತು. ಅದರಿಂದ ಹಳ್ಳಿಗೆ 3 ಮೀಟರ್‌ನ ಡಿಶ್ ಸಾಕಾಯಿತು. ಆ ಡಿಶ್‌ಗೆ ಹಾಕಿದ್ದು ಏನು ಗೊತ್ತಾ? ಕೋಳಿ ಗೂಡಿಗೆ ಹೊಡೆಯುವ ತಂತಿ ಜಾಳಿಗೆ! ಸಿಗ್ನಲ್‌ನ ಆವರ್ತನ 860 ಮೆಗಾಹರ್ಟ್ಸ್, ಅಂದರೆ ತರಂಗದ ಉದ್ದ ಸುಮಾರು 35 ಸೆಂ.ಮೀ. ಜಾಳಿಗೆಯ ತೂತು ಅದಕ್ಕಿಂತ ಎಷ್ಟೋ ಸಣ್ಣದು. ಹಾಗಾಗಿ ತರಂಗದ ಪಾಲಿಗೆ ಆ ಜಾಳಿಗೆ ತಗಡಿನಂತೆಯೇ ಕೆಲಸ ಮಾಡುತ್ತೆ. ತೂಕವೂ ಕಡಿಮೆ, ಗಾಳಿಗೂ ತಡೆಯಿಲ್ಲ, ರೇಟೂ ಕಡಿಮೆ. ಮೈಕ್ರೋವೇವ್ ಕ್ಲಾಸಿನಲ್ಲಿ ನಿದ್ದೆ ಮಾಡುವ ನಮ್ಮಂಥವರು ಇದನ್ನು ಒಮ್ಮೆ ನೆನಪಿಸಿಕೊಳ್ಳಬೇಕು.

ಟಿವಿ ಸೆಟ್ಟುಗಳನ್ನು ಹೈದರಾಬಾದಿನ ಇಸಿಐಎಲ್ ಮಾಡಿಕೊಟ್ಟಿತು. ಕಪ್ಪು-ಬಿಳುಪು ಸೆಟ್ಟು, ಮನೆಗೊಂದಲ್ಲ, ಊರಿಗೊಂದು. ಶಾಲೆಯಲ್ಲೋ ಪಂಚಾಯ್ತಿ ಕಟ್ಟಡದಲ್ಲೋ ಇಟ್ಟರು. ಕರೆಂಟ್ ಇಲ್ಲದ ಕೆಲವು ಹಳ್ಳಿಗಳಲ್ಲಿ ಬ್ಯಾಟರಿ ಮೇಲೆ ನಡೆಸಿದರು.

ಇಷ್ಟೆಲ್ಲ ನಡೆದದ್ದನ್ನು ಸಾರಾಭಾಯ್ ನೋಡಲಿಲ್ಲ. 1971ರ ಡಿಸೆಂಬರ್ ಕೊನೆಗೆ ತುಂಬಾ ಕೆಲಸಕ್ಕೆ ಅಂತ ಕೇರಳಕ್ಕೆ ಹೋಗಿದ್ದರು. 30ನೇ ತಾರೀಖು ಕೋವಳಂನ ತಂಗುದಾಣದಲ್ಲಿ, ನಿದ್ದೆಯಲ್ಲೇ ತೀರಿಕೊಂಡರು. ವಯಸ್ಸು 52. ಉಪಗ್ರಹ ಹಾರಿದ್ದು 1974ರ ಮೇ 30ರಂದು. ಪ್ರಸಾರ ಶುರುವಾದದ್ದು 1975ರ ಆಗಸ್ಟ್ 1ರಂದು, ಅವರು ಹೋಗಿ ಮೂರೂವರೆ ವರ್ಷ ಆದ ಮೇಲೆ. ಅಹಮದಾಬಾದಿನಲ್ಲಿ ಯಶ್ ಪಾಲ್ ಮತ್ತು ಅವರ ತಂಡದವರು ಕೆಲಸ ಮುಂದುವರಿಸಿದ್ದರು. ಒಬ್ಬ ಮನುಷ್ಯ ಹೋದರೂ ಅವನು ಹಾಕಿದ ಲೆಕ್ಕ ನಿಲ್ಲಲಿಲ್ಲ.

ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದಿನಕ್ಕೆ ನಾಲ್ಕು ಗಂಟೆ ಕಾರ್ಯಕ್ರಮ ಬಂತು. ಬೆಳಗ್ಗೆ ಶಾಲೆ ಮಕ್ಕಳಿಗೆ, ಸಂಜೆ ಊರಿನವರಿಗೆ. ಆ ಆರರಲ್ಲಿ ಕರ್ನಾಟಕವೂ ಒಂದು. ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಆಯ್ದ ಹಳ್ಳಿಗಳು ಕನ್ನಡದಲ್ಲಿ ಟಿವಿ ನೋಡಿದವು. ಬೆಂಗಳೂರಿಗೆ ದೂರದರ್ಶನ ಕೇಂದ್ರ ಬರೋಕೆ ಇನ್ನೂ ವರ್ಷಗಳೇ ಇದ್ದವು! ನಮ್ಮ ಬೆಳಗಾವಿ ಜಿಲ್ಲೆ ಆ ಪಟ್ಟಿಯಲ್ಲಿ ಇರಲಿಲ್ಲ. ಆದರೆ ರಾಮದುರ್ಗ ದಾಟಿ ಬಾದಾಮಿ ಕಡೆ ಹೊರಟರೆ ಆಗಿನ ಬಿಜಾಪುರ ಜಿಲ್ಲೆಯೇ ಸಿಗುತ್ತಿತ್ತು. 1976ರ ಜುಲೈ 31ಕ್ಕೆ ಒಪ್ಪಂದದ ವರ್ಷ ಮುಗಿದು ಉಪಗ್ರಹ ವಾಪಸ್ ಹೋಯಿತು. ಸಾಲದ ಉಪಗ್ರಹಕ್ಕೆ ಅಷ್ಟೇ ಆಯುಷ್ಯ. ಪರದೆ ಖಾಲಿ ಆಯಿತು. 1977ರಲ್ಲಿ ಗುಲ್ಬರ್ಗದಲ್ಲಿ ಟಿವಿ ಕೇಂದ್ರ ಬಂತು, 1983ರಲ್ಲಿ ಇನ್ಸಾಟ್-1ಬಿ ಹಾರಿದ ಮೇಲೆ ದೇಶಕ್ಕೆ ತನ್ನದೇ ಉಪಗ್ರಹದಿಂದ ಟಿವಿ ಸಿಕ್ಕಿತು.

ಈಗ ನಮ್ಮ ಮನೆಗಳ ಮಾತು. ಇಂಜಿನಿಯರಿಂಗ್ ಸೇರಿದ ಮೇಲೆ ಊರಲ್ಲಿ ನಾವು ಎಲ್ಲ ವಸ್ತುವಿಗೂ ಎಕ್ಸ್‌ಪರ್ಟ್. ಸವದತ್ತಿಯಿಂದ ಕಾಕಾ ಫೋನ್ ಮಾಡಿ, ಯಾರೋ ದೊಡ್ಡ ಪ್ಲಾಸ್ಮಾ ಟಿವಿ ಹಳೇದು ಅಗ್ಗಕ್ಕೆ ಕೊಡ್ತಾರಂತ, ಅದನ್ನು ತಗೊಳ್ಳೋದಾ ಇಲ್ಲಾ ಸಣ್ಣ ಹೊಸ ಎಲ್‌ಇಡಿ ತಗೊಳ್ಳೋದಾ ಅಂತ ಕೇಳ್ತಾರೆ. ಸಾರಾಭಾಯ್ ಪಾಠ ಇಲ್ಲಿ ಕೆಲಸಕ್ಕೆ ಬರುತ್ತೆ. ಪ್ಲಾಸ್ಮಾದಲ್ಲಿ ಪ್ರತಿ ಚುಕ್ಕೆಯೂ ಅನಿಲದಿಂದ ತಾನೇ ಬೆಳಗುತ್ತೆ. ಅದಕ್ಕೇ ಕತ್ತಲು ಕೋಣೆಯಲ್ಲಿ ಕಪ್ಪು ಬಣ್ಣ ಚಂದ, ಓಡುವ ಚಿತ್ರ ಸ್ವಚ್ಛ. ಎಲ್‌ಇಡಿ ಅಂತ ಅಂಗಡಿಯಲ್ಲಿ ಮಾರೋದು ಹೆಚ್ಚಾಗಿ ಎಲ್‌ಸಿಡಿ ಪರದೆ, ಹಿಂದೆ ಎಲ್‌ಇಡಿ ದೀಪ. ಚಿತ್ರ ಒಂದನ್ನೇ ನೋಡಿದರೆ ಒಳ್ಳೆಯ ಪ್ಲಾಸ್ಮಾ ಅಗ್ಗದ ಎಲ್‌ಇಡಿಯನ್ನು ಸೋಲಿಸಬಹುದು.

ಆದರೆ ಲೆಕ್ಕ ಪೂರ್ತಿ ಹಾಕಬೇಕು. ಪ್ಲಾಸ್ಮಾ 200 ವ್ಯಾಟ್, ಎಲ್‌ಇಡಿ 70 ವ್ಯಾಟ್ ಅಂತ ಇಟ್ಟುಕೊಳ್ಳಿ. ದಿನಕ್ಕೆ 5 ಗಂಟೆ ನಡೆದರೆ ವರ್ಷಕ್ಕೆ ಸುಮಾರು 237 ಯೂನಿಟ್ ವ್ಯತ್ಯಾಸ. ಯೂನಿಟ್‌ಗೆ 6 ರೂಪಾಯಿ ಹಿಡಿದರೆ 1,400 ರೂಪಾಯಿ ಮೇಲೆ. ಪ್ಲಾಸ್ಮಾ ಬಿಸಿ ಜಾಸ್ತಿ, ತೂಕ ಜಾಸ್ತಿ. ಒಂದೇ ಚಾನೆಲ್ಲಿನ ಲೋಗೋ ದಿನವಿಡೀ ನಿಂತರೆ ಪರದೆಗೆ ಅದರ ಕಲೆ ಬೀಳೋ ಭಯ. ದೊಡ್ಡ ಕಂಪನಿಗಳು 2014ರ ಹೊತ್ತಿಗೆ ಪ್ಲಾಸ್ಮಾ ಮಾಡೋದನ್ನೇ ನಿಲ್ಲಿಸಿದವು. ಕೆಟ್ಟರೆ ಬಿಡಿಭಾಗ ಎಲ್ಲಿಂದ ತರೋದು? ಬಾಗಿಲು ತೆರೆದ ಪಡಸಾಲೆಯಲ್ಲಿ, ಹಗಲು ಬೆಳಕಿನಲ್ಲಿ, ಅಜ್ಜಿ ಧಾರಾವಾಹಿ ನೋಡೋ ಮನೆಗೆ ಎಲ್‌ಇಡಿಯೇ ಸರಿ. ರಿಪೇರಿ ಬೈಲಹೊಂಗಲದಲ್ಲೇ ಆಗುತ್ತಾ ಅಂತಲೂ ಮೊದಲು ಕೇಳಿಕೊಳ್ಳಿ.

ಯಾರು ನೋಡ್ತಾರೆ, ಎಲ್ಲಿ ಇಡ್ತೀವಿ, ನಡೆಸೋಕೆ ಎಷ್ಟು ಬೀಳುತ್ತೆ, ಕೆಟ್ಟರೆ ಯಾರು ಬರ್ತಾರೆ. ಈ ನಾಲ್ಕು ಪ್ರಶ್ನೆ ಟಿವಿಗೆ ಮಾತ್ರ ಅಲ್ಲ, ನಾಳೆ ನಾವು ಮಾಡುವ ಪ್ರಾಜೆಕ್ಟಿಗೂ ಬೇಕು. ಫೈನಲ್ ಇಯರ್ ಪ್ರಾಜೆಕ್ಟಿಗೆ ದುಬಾರಿ ಬೋರ್ಡ್, ಹೊಸ ಸೆನ್ಸರ್ ಅಂತ ಓಡುವ ಮುಂಚೆ ಅದು ಯಾವ ಊರಿನ ಯಾರಿಗೆ ಉಪಯೋಗ ಅಂತ ಒಂದು ಸಾಲು ಬರೆದುಕೊಳ್ಳೋಣ. ಸಾರಾಭಾಯ್ ತಮಗೆ ಬೇಕಾದ ಟಿವಿಯ ಬಗ್ಗೆ ಯೋಚಿಸಲಿಲ್ಲ. ತಾವು ಎಂದೂ ಭೇಟಿಯಾಗದ ಹಳ್ಳಿಯವರು ಸಂಜೆ ಹೊಲದಿಂದ ಬಂದು ಶಾಲೆಯ ಅಂಗಳದಲ್ಲಿ ಕೂತು ನೋಡುವ ಟಿವಿಯ ಬಗ್ಗೆ ಯೋಚಿಸಿದರು. ಅದನ್ನು ಕೋಳಿ ಜಾಳಿಗೆಯಿಂದ ಮಾಡಬಹುದಾದರೆ ಜಾಳಿಗೆಯೇ ಸಾಕು ಅಂತ ಒಪ್ಪಿಕೊಳ್ಳೋಕೆ ಅವರ ದಾರಿಯಲ್ಲಿ ನಡೆದವರಿಗೆ ನಾಚಿಕೆ ಅನ್ನಿಸಲಿಲ್ಲ. ನಮಗೂ ಅನ್ನಿಸಬಾರದು.