ಜಡ್ಸನ್ ಅಮ್ಮನವರ ಸಮುದ್ರಯಾನವೂ ಜೀವಿತವೂ



ನಮ್ಮ ಸಭೆಗಳವರಲ್ಲಿ ಕಡಲಕರೆಯಲ್ಲಿ ವಾಸಿಸುವವರು ಹಡಗುಗಳನ್ನು ಚೆನ್ನಾಗಿ ಬಲ್ಲರು. ಘಟ್ಟದ ಮೇಲಿನ ಊರುಗಳವರಲ್ಲಿ ಹಲವರು ಸಮುದ್ರವನ್ನೇ ಕಂಡವರಲ್ಲ. ಗಾಳಿಯೊಂದನ್ನೇ ನಂಬಿ ಹಾಯಿಹಡಗುಗಳು ಸಾಗುತ್ತಿದ್ದ ಕಾಲದಲ್ಲಿ, ಬಂದರಿನಿಂದ ಬಂದರಿಗೆ ಅಲೆದು, ಎಲ್ಲಿಯೂ ನೆಲೆ ದೊರೆಯದೆ, ಕಡೆಗೆ ತಾವು ನೆನಸದಿದ್ದ ದೇಶದಲ್ಲಿ ಕಾಲಿಟ್ಟ ದಂಪತಿಗಳಿಬ್ಬರ ಚರಿತ್ರೆಯನ್ನು ಈ ತಿಂಗಳು ನಿಮ್ಮ ಮುಂದೆ ಇಡುತ್ತೇವೆ. ಗಂಡನಾದ ಅದೋನಿರಾಮ್ ಜಡ್ಸನ್ ಅಯ್ಯನವರ ಹೆಸರನ್ನು ಅನೇಕರು ಕೇಳಿರಬಹುದು. ಆದರೆ ಇಲ್ಲಿ ವಿಶೇಷವಾಗಿ ಹೇಳುವುದು ಅವರ ಹೆಂಡತಿಯಾದ ಆನ್ ಅಮ್ಮನವರ ವಿಷಯ.

ಅಮ್ಮನವರು 1789ನೆಯ ಇಸವಿ ದಶಂಬರ 22ನೆಯ ತಾರೀಕಿನಲ್ಲಿ ಅಮೇರಿಕದ ಮ್ಯಾಸಚೂಸೆಟ್ಸ್ ಸೀಮೆಯ ಬ್ರಾಡ್‌ಫರ್ಡ್ ಎಂಬ ಊರಿನಲ್ಲಿ ಹುಟ್ಟಿದರು. ಬಾಲ್ಯದಲ್ಲಿ ನಗೆ, ಆಟ, ಉತ್ಸವಗಳಲ್ಲಿ ಬಹಳ ಪ್ರೀತಿಯುಳ್ಳವರಾಗಿದ್ದರು. ಹದಿನಾರನೆಯ ವಯಸ್ಸಿನಲ್ಲಿ ಮನಸ್ಸು ತಿರುಗಿ ತಮ್ಮನ್ನು ಕರ್ತನಿಗೆ ಒಪ್ಪಿಸಿದರು. ಬಳಿಕ ಹತ್ತಿರದ ಊರುಗಳಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದರು. 1810ನೆಯ ಇಸವಿಯಲ್ಲಿ ಆ ಊರಿನಲ್ಲಿ ಕೂಡಿದ ಸಭಾಪ್ರತಿನಿಧಿಗಳ ಮುಂದೆ ಕೆಲವು ಯೌವನಸ್ಥರು ನಿಂತು, ತಮ್ಮನ್ನು ಪರದೇಶಗಳಿಗೆ ಸುವಾರ್ತಿಕರನ್ನಾಗಿ ಕಳುಹಿಸಬೇಕೆಂದು ಬಿನ್ನಹ ಮಾಡಿದರು. ಅವರಲ್ಲಿ ಜಡ್ಸನ್ ಅಯ್ಯನವರು ಒಬ್ಬರು. ಅವರು ಆನ್ ಎಂಬ ಈ ಕನ್ಯೆಯನ್ನು ಮದುವೆಯಾಗಲು ಮನಸ್ಸು ಮಾಡಿದಾಗ ಅವಳ ತಂದೆಗೆ ಒಂದು ಪತ್ರವನ್ನು ಬರೆದರು. ಸಮುದ್ರದ ಅಪಾಯ, ಉಷ್ಣದೇಶದ ರೋಗ, ಬಡತನ, ಅವಮಾನ, ಒಂದು ವೇಳೆ ಕ್ರೂರಮರಣ, ಇವುಗಳಲ್ಲಿ ಒಂದನ್ನೂ ಮರೆಮಾಚದೆ, ಮಗಳನ್ನು ಈ ಲೋಕದಲ್ಲಿ ಮತ್ತೆ ಕಾಣದಂತೆ ಒಪ್ಪಿಸಿಕೊಡುವಿರೋ ಎಂದು ಕೇಳಿದರು. ತಂದೆಯು ತೀರ್ಮಾನವನ್ನು ಮಗಳಿಗೇ ಬಿಟ್ಟನು. ಮಗಳು ಭಯಪಡಲಿಲ್ಲವೆಂದು ಹೇಳಲಾಗದು. ಬಹಳ ದಿವಸ ಪ್ರಾರ್ಥಿಸಿದ ಮೇಲೆ ಒಪ್ಪಿಕೊಂಡಳು.

1812ನೆಯ ಫೆಬ್ರವರಿ 5ರಲ್ಲಿ ಅವರ ಮದುವೆಯಾಯಿತು. ಅದೇ ತಿಂಗಳ 19ರಲ್ಲಿ ಸೇಲಂ ಎಂಬ ಬಂದರಿನಿಂದ 'ಕಾರವಾನ್' ಎಂಬ ಹಡಗಿನಲ್ಲಿ ಅವರು ಹೊರಟರು. ಸಾಮುವೇಲ್ ನ್ಯೂಯೆಲ್ ಎಂಬವರೂ ಅವರ ಎಳೆಯ ಹೆಂಡತಿಯಾದ ಹ್ಯಾರಿಯೆಟ್ ಅಮ್ಮನವರೂ ಸಂಗಡ ಇದ್ದರು. ನಾಲ್ಕು ತಿಂಗಳ ಯಾನದ ಮೇಲೆ ಜೂನ್ ತಿಂಗಳಲ್ಲಿ ಕಲ್ಕತ್ತೆಯನ್ನು ಮುಟ್ಟಿದರು. ಹಡಗಿನಲ್ಲಿ ಅಯ್ಯನವರು ದೀಕ್ಷಾಸ್ನಾನದ ವಿಷಯವಾಗಿ ಸತ್ಯವೇದವನ್ನು ಪರಿಶೋಧಿಸುತ್ತಾ ಬ್ಯಾಪ್ಟಿಸ್ಟ್ ಸಭೆಯವರ ಅಭಿಪ್ರಾಯಕ್ಕೆ ತಿರುಗಿದರು. ಅಮ್ಮನವರು ಮೊದಲು ಗಂಡನೊಂದಿಗೆ ಬಲವಾಗಿ ವಾದಿಸಿ, ಆಮೇಲೆ ತಾವೂ ಹುಡುಕಿ ನೋಡಿ, ಅದೇ ಅಭಿಪ್ರಾಯಕ್ಕೆ ಬಂದರು. ಸಪ್ಟಂಬರ 6ರಲ್ಲಿ ಇಬ್ಬರೂ ಕಲ್ಕತ್ತೆಯಲ್ಲಿ ಸ್ನಾನ ಹೊಂದಿದರು. ಇದರಿಂದ ತಮ್ಮನ್ನು ಕಳುಹಿಸಿದ್ದ ಸಂಘದ ಆಧಾರವು ಅವರಿಗೆ ತಪ್ಪಿತು. ಈ ವಿಷಯದಲ್ಲಿ ಸಭೆಗಳೊಳಗೆ ಭಿನ್ನಾಭಿಪ್ರಾಯ ಉಂಟು. ಆದರೆ ಮನಸ್ಸಾಕ್ಷಿಗೋಸ್ಕರ ಪರದೇಶದಲ್ಲಿ ಹೊಟ್ಟೆಯ ಪಾಡನ್ನೂ ಲಕ್ಷಿಸದೆ ನಡೆದವರನ್ನು ಎಲ್ಲರೂ ಗೌರವಿಸತಕ್ಕದ್ದು.

ಅಷ್ಟರಲ್ಲಿ ಕಂಪೆನಿ ಸರಕಾರವು ಈ ಅಮೇರಿಕದವರು ದೇಶವನ್ನು ಬಿಟ್ಟು ಹೋಗಬೇಕೆಂದು ಆಜ್ಞಾಪಿಸಿತ್ತು. ಆ ಕಾಲದಲ್ಲಿ ಕಂಪೆನಿಯವರು ಸುವಾರ್ತಿಕರಿಂದ ಜನರಲ್ಲಿ ಕಳವಳ ಹುಟ್ಟೀತೆಂದು ಅಂಜುತ್ತಿದ್ದರು. ಅವರನ್ನು ಇಂಗ್ಲೆಂಡಿಗೆ ಸಾಗಿಸಬೇಕೆಂಬ ಕಟ್ಟಳೆ ಹೊರಡಲು, ದಂಪತಿಗಳು ರಹದಾರಿ ಇಲ್ಲದೆ ಮಾರಿಷಸ್ ದ್ವೀಪಕ್ಕೆ ಹೋಗುವ ಒಂದು ಹಡಗನ್ನು ಹತ್ತಿದರು. ಹಡಗು ಹೂಗ್ಲಿ ನದಿಯಲ್ಲಿ ಎರಡು ದಿವಸ ಇಳಿದಿರಲು, ಸರಕಾರದ ಆಜ್ಞೆಯು ಹಿಂದಿನಿಂದ ಬಂದು ಅದನ್ನು ತಡೆಯಿತು. ಅವರು ದಡಕ್ಕೆ ಇಳಿದು ನದೀತೀರದ ಒಂದು ವಸತಿಗೃಹದಲ್ಲಿ ಕಾದಿದ್ದರು. ಹಡಗು ಅವರನ್ನು ಬಿಟ್ಟು ಮುಂದೆ ಹೋಯಿತು. ಕೈಯಲ್ಲಿ ಹಣವಿಲ್ಲ, ಹಿಂದೆ ಹೋದರೆ ಸೆರೆ, ಮುಂದೆ ಹೋಗಲು ದಾರಿಯಿಲ್ಲ. ಹೀಗಿರಲು ಅಕಸ್ಮಾತ್ತಾಗಿ ರಹದಾರಿಯೊಂದು ಅವರ ಕೈಸೇರಿತು; ಅದನ್ನು ಯಾರು ಕೊಡಿಸಿದರೆಂಬುದು ಅವರಿಗೆ ತಿಳಿಯಲಿಲ್ಲ. ಕೂಡಲೇ ಒಂದು ದೋಣಿಯನ್ನು ಹಿಡಿದು, ಸುಮಾರು 70 ಮೈಲು ದೂರ ನದಿಯಲ್ಲಿ ಇಳಿದು, ಸಾಗರ ದ್ವೀಪದ ಬಳಿಯಲ್ಲಿ ಲಂಗರು ಹಾಕಿಕೊಂಡಿದ್ದ ಆ ಹಡಗನ್ನು ಮುಟ್ಟಿದರು.

1813ನೆಯ ಜನವರಿ 17ರಲ್ಲಿ ಮಾರಿಷಸಿನ ಪೋರ್ಟ್ ಲೂಯಿ ಬಂದರಿನಲ್ಲಿ ಇಳಿದಾಗ ಒಂದು ದುಃಖವಾರ್ತೆಯು ಅವರನ್ನು ಎದುರುಗೊಂಡಿತು. ಮುಂಚೆಯೇ ಅಲ್ಲಿಗೆ ಹೊರಟುಹೋಗಿದ್ದ ಹ್ಯಾರಿಯೆಟ್ ಅಮ್ಮನವರು, ಹಡಗಿನಲ್ಲಿ ಹುಟ್ಟಿದ ಕೂಸನ್ನು ಕಳಕೊಂಡು, ತಾವೂ ನವಂಬರ 30ರಲ್ಲಿ ಹತ್ತೊಂಭತ್ತನೆಯ ವಯಸ್ಸಿನಲ್ಲಿಯೇ ನಿದ್ರೆಹೋಗಿದ್ದರು. ಒಂದೇ ಹಡಗಿನಲ್ಲಿ ಕೂಡಿ ಹಾಡಿ ಪ್ರಾರ್ಥಿಸಿದ ಸ್ನೇಹಿತೆಯ ಸಮಾಧಿಯು ಅಮ್ಮನವರ ಪಾಲಿಗೆ ಆ ದ್ವೀಪದಲ್ಲಿ ದೊರಕಿತು. ಆ ವೇಳೆ ಅವರೂ ಗರ್ಭಿಣಿಯಾಗಿದ್ದರು.

ಮೇ ತಿಂಗಳಲ್ಲಿ ಅಲ್ಲಿಂದ ಹೊರಟು ಜೂನ್ 4ರಲ್ಲಿ ಮದ್ರಾಸನ್ನು ಸೇರಿದರು. ಅಲ್ಲಿಯೂ ಸರಕಾರದವರು ಹಿಡಿದು ಇಂಗ್ಲೆಂಡಿಗೆ ಕಳುಹಿಸುವ ಭಯವಿತ್ತು. ಬೇಗನೆ ಹೊರಡುವ ಹಡಗು ಯಾವುದೆಂದು ವಿಚಾರಿಸಲು, 'ಜಾರ್ಜಿಯಾನಾ' ಎಂಬ ಒಂದು ಹಳೆಯ ಹಡಗು ಮಾತ್ರ ಇತ್ತು. ಅದು ಹೋಗುವುದು ರಂಗೂನಿಗೆ, ಅಂದರೆ ಈಗ ಯಾಂಗೂನ್ ಎನಿಸಿಕೊಳ್ಳುವ ಪಟ್ಟಣಕ್ಕೆ. ಬರ್ಮದ ಅರಸನು ನಿರಂಕುಶನೆಂದು ಕೇಳಿ ಎಲ್ಲರೂ ಬೇಡವೆಂದರು. ಬೇರೆ ದಾರಿಯಿಲ್ಲದೆ ಜೂನ್ 22ರಲ್ಲಿ ಅದನ್ನೇ ಹತ್ತಿದರು. ಅಮ್ಮನವರ ಆರೈಕೆಗಾಗಿ ಕರೆದುಕೊಂಡ ಒಬ್ಬ ದಾದಿಯು ಹಡಗಿನಲ್ಲಿಯೇ ಬಿದ್ದು ಸತ್ತಳು. ಅಲೆಗಳ ಹೊಡೆತದ ನಡುವೆ ಅಮ್ಮನವರಿಗೆ ಸತ್ತ ಕೂಸು ಹುಟ್ಟಿತು. ಅದನ್ನು ಸಮುದ್ರಕ್ಕೆ ಒಪ್ಪಿಸಬೇಕಾಯಿತು. ತಾಯಿಯೂ ಬದುಕುವಂತೆ ತೋರಲಿಲ್ಲ. ಆದರೆ ಗಾಳಿಯು ಹಡಗನ್ನು ಅಂಡಮಾನ್ ದ್ವೀಪಗಳ ನಡುವಿನ ಇಕ್ಕಟ್ಟಾದ ನೀರಿನೊಳಗೆ ತಳ್ಳಿತು. ಅಲ್ಲಿ ಬಂಡೆಗಳ ಅಪಾಯವಿದ್ದರೂ ನೀರು ಶಾಂತವಾಗಿತ್ತು. ಹಡಗಿನ ಓಲಾಟ ನಿಂತದ್ದರಿಂದ ಅಮ್ಮನವರು ಚೇತರಿಸಿಕೊಂಡರು. ಜುಲೈ 13ರಲ್ಲಿ ರಂಗೂನನ್ನು ಮುಟ್ಟಿದಾಗ ನಡೆಯಲು ಶಕ್ತಿಯಿಲ್ಲದ ಅವರನ್ನು ಕುರ್ಚಿಯಲ್ಲಿ ಕುಳ್ಳಿರಿಸಿ ಬರ್ಮದವರು ಹೆಗಲ ಮೇಲೆ ಹೊತ್ತುಕೊಂಡು ಪಟ್ಟಣದೊಳಗೆ ತಂದರು.

ಅಲ್ಲಿ ಅವರು ಮೊದಲು ಮಾಡಿದ ಕೆಲಸ ಭಾಷೆಯನ್ನು ಕಲಿಯುವುದು. ಅಯ್ಯನವರು ಗುರುವಿನ ಬಳಿಯಲ್ಲಿ ಗ್ರಂಥಭಾಷೆಯನ್ನು ಕಲಿಯುತ್ತಿರಲು, ಮನೆವಾರ್ತೆಯನ್ನು ನಡಿಸುತ್ತಿದ್ದ ಅಮ್ಮನವರಿಗೆ ಆಳುಗಳೊಂದಿಗೂ ಸಂತೆಯವರೊಂದಿಗೂ ಮಾತಾಡಿ ಆಡುಮಾತು ಬೇಗ ಬಂತು. 1815ರಲ್ಲಿ ರೋಜರ್ ಎಂಬ ಗಂಡುಮಗು ಹುಟ್ಟಿತು; ಎಂಟು ತಿಂಗಳಾಗುವುದರೊಳಗೆ ಜ್ವರದಿಂದ ತೀರಿಹೋಯಿತು. ವರುಷಗಳು ಕಳೆದವು, ನಂಬಿದವರು ಒಬ್ಬರೂ ಇರಲಿಲ್ಲ.

ಈಗ ನಾವು ಈ ಚರಿತ್ರೆಯ ಮುಖ್ಯವಾದ ಸಂಗತಿಗೆ ಬಂದೆವು. 1817ನೆಯ ದಶಂಬರ 25ರಲ್ಲಿ ಅಯ್ಯನವರು ಬರ್ಮದ ಭಾಷೆಯನ್ನು ಬಲ್ಲ ಸಹಾಯಕರನ್ನು ಕರತರುವುದಕ್ಕಾಗಿ ಚಿತ್ತಗಾಂಗಿಗೆ ಹೊರಟರು. ಮೂರು ತಿಂಗಳೊಳಗೆ ಬರುವೆನೆಂದಿದ್ದರು. ಎದುರುಗಾಳಿಯಿಂದ ಹಡಗು ದಾರಿತಪ್ಪಿ ಅವರನ್ನು ಮದ್ರಾಸ್ ಕರಾವಳಿಯ ಮಚಲೀಪಟ್ಟಣದಲ್ಲಿ ಇಳಿಸಿತು. ರಂಗೂನಿನಲ್ಲಿದ್ದ ಅಮ್ಮನವರಿಗೆ ಇದೊಂದೂ ತಿಳಿಯದು. ಆ ಹಡಗು ಚಿತ್ತಗಾಂಗನ್ನು ಮುಟ್ಟಲೇ ಇಲ್ಲವೆಂಬ ವಾರ್ತೆ ಮಾತ್ರ ಬಂತು. ಪಟ್ಟಣದಲ್ಲಿ ವಾಂತಿಭೇದಿ ಹಬ್ಬಿ ಸಾವಿನ ತಮ್ಮಟೆ ನಿಲ್ಲದೆ ಬಾರಿಸುತ್ತಿತ್ತು. ಯುದ್ಧವಾಗುವುದೆಂಬ ಸುದ್ದಿಯಿಂದ ಹಡಗುಗಳು ಒಂದೊಂದಾಗಿ ಬಂದರನ್ನು ಬಿಟ್ಟವು. ಸಂಗಡವಿದ್ದ ಇನ್ನೊಬ್ಬ ಸುವಾರ್ತಿಕರ ಕುಟುಂಬವು ಬಂಗಾಳಕ್ಕೆ ಹೊರಡಲು ನಿಶ್ಚಯಿಸಿ, ಅಮ್ಮನವರನ್ನೂ ಬರಬೇಕೆಂದು ಒತ್ತಾಯಪಡಿಸಿತು. ಉಳಿದದ್ದು ಒಂದೇ ಹಡಗು. 1818ನೆಯ ಜುಲೈ 5ರಲ್ಲಿ ಅಮ್ಮನವರು ಮನಸ್ಸಿಲ್ಲದೆ ಅದನ್ನು ಹತ್ತಿದರು.

ಹಡಗು ನದಿಯಲ್ಲಿ ಇಳಿದು ಸಮುದ್ರವನ್ನು ಸೇರುವ ಮೊದಲೇ, ಅದರ ಸರಕು ಸರಿಯಾಗಿ ತುಂಬಲ್ಪಡದೆ ಅಪಾಯವಿದೆಯೆಂದು ಕಂಡುಬಂದು, ಕೆಲವು ದಿವಸ ತಡೆಯಬೇಕಾಯಿತು. ಆಗ ಅಮ್ಮನವರು ಆಲೋಚಿಸಿದರು. ಗಂಡನು ಬದುಕಿದ್ದು ಹಿಂದಿರುಗಿದರೆ ಬರಿಯ ಮನೆಯನ್ನು ಕಾಣುವನು. ಸತ್ತಿದ್ದರೆ, ಆತನು ತೊಡಗಿದ ಕೆಲಸವನ್ನು ಹಿಡಿಯುವವರು ಯಾರು? ಹಡಗಿನಲ್ಲಿದ್ದವರು ಎಷ್ಟು ಹೇಳಿದರೂ ಕೇಳದೆ, ತಮ್ಮ ಸಾಮಾನುಗಳನ್ನು ಇಳಿಸಿ, ದೋಣಿಯಲ್ಲಿ ಕೂತು, ಒಬ್ಬಂಟಿಗರಾಗಿ ರಂಗೂನಿನ ಮನೆಗೆ ತಿರುಗಿ ಬಂದು ಬಾಗಿಲು ತೆರೆದರು. ಮರುದಿನದಿಂದ ಪಾಠವನ್ನು ಮತ್ತೆ ಆರಂಭಿಸಿದರು. ಆಗಸ್ಟ್ ತಿಂಗಳ ಮೊದಲಲ್ಲಿ ಅಯ್ಯನವರು ಸುಖವಾಗಿ ಹಿಂದಿರುಗಿದರು. ಹೆಂಡತಿಯು ಮನೆಯಲ್ಲಿದ್ದಳು!

ಮುಂದಿನ ವರುಷ, 1819ನೆಯ ಜೂನ್ 27ರಲ್ಲಿ, ಮೌಂಗ್ ನೌ ಎಂಬ ಬರ್ಮದವನು ಮೊದಲನೆಯ ಫಲವಾಗಿ ದೀಕ್ಷಾಸ್ನಾನ ಹೊಂದಿದನು. ಆ ದೇಶಕ್ಕೆ ಬಂದು ಆರು ವರುಷಗಳಾಗುತ್ತಾ ಬಂದಿದ್ದವು. ಅಮ್ಮನವರು ಸ್ತ್ರೀಯರನ್ನು ಕೂಡಿಸಿ ಕಲಿಸುತ್ತಿದ್ದರು. ದಾನಿಯೇಲನ ಗ್ರಂಥವನ್ನೂ ಯೋನನ ಗ್ರಂಥವನ್ನೂ ಬರ್ಮದ ಭಾಷೆಗೆ ತಿರುಗಿಸಿದರು. ಯೋನನು ದೇವರು ಕಳುಹಿಸಿದ ಪಟ್ಟಣಕ್ಕೆ ಹೋಗಲೊಲ್ಲದೆ ಹಡಗನ್ನು ಹತ್ತಿದವನು. ಹತ್ತಿದ ಹಡಗಿನಿಂದ ಇಳಿದು ಬಂದ ಈ ಅಮ್ಮನವರು ಆ ಗ್ರಂಥವನ್ನು ಯಾವ ಮನಸ್ಸಿನಿಂದ ಭಾಷಾಂತರಿಸಿದರೋ ವಾಚಕರೇ ಊಹಿಸಿಕೊಳ್ಳಲಿ.

1821ರಲ್ಲಿ ಪಿತ್ತಕೋಶದ ರೋಗವು ಬಲವಾದದ್ದರಿಂದ ಅವರು ಕಲ್ಕತ್ತೆಯ ಮಾರ್ಗವಾಗಿ ಇಂಗ್ಲೆಂಡಿಗೂ ಅಲ್ಲಿಂದ ಅಮೇರಿಕಕ್ಕೂ ಹೋದರು. ಮತ್ತೆ ಕಾಣೆನೆಂದು ಕಳುಹಿಸಿಕೊಟ್ಟ ತಂದೆತಾಯಿಗಳು ಹತ್ತು ವರುಷಗಳ ಮೇಲೆ ಮಗಳನ್ನು ಕಂಡರು. ಅಲ್ಲಿಯೇ ಇರಲು ರೋಗವೇ ಸಾಕಾದ ಕಾರಣವಾಗಿತ್ತು. ಆದರೂ 1823ನೆಯ ದಶಂಬರದಲ್ಲಿ ರಂಗೂನಿಗೆ ತಿರುಗಿ ಬಂದರು. ಬಂದ ಕೆಲವು ದಿವಸಗಳಲ್ಲಿಯೇ ದಂಪತಿಗಳು ಚಿಕ್ಕ ದೋಣಿಯೊಂದರಲ್ಲಿ ಐರಾವತಿ ನದಿಯನ್ನು ಏರಿ ರಾಜಧಾನಿಯಾದ ಆವಕ್ಕೆ ಹೊರಟರು. ಪ್ರವಾಹಕ್ಕೆ ಎದುರಾಗಿ ಆರು ವಾರಗಳ ಪ್ರಯಾಣ. ನದಿಯು ಬಳಸಿ ಹರಿಯುವಲ್ಲಿ ಅವರು ದಡಕ್ಕೆ ಇಳಿದು ಕಾಲುನಡೆಯಿಂದ ಮುಂದಿನ ಹಳ್ಳಿಯನ್ನು ಸೇರುತ್ತಿದ್ದರು. ಬಿಳಿಯ ಹೆಂಗಸನ್ನು ಎಂದೂ ಕಾಣದ ಜನರು ಕೈಯಲ್ಲಿದ್ದ ಕೆಲಸವನ್ನು ಬಿಟ್ಟು ಓಡಿ ಬಂದು ಸುತ್ತಲೂ ನಿಲ್ಲುತ್ತಿದ್ದರು.

1824ರಲ್ಲಿ ಇಂಗ್ಲಿಷರಿಗೂ ಬರ್ಮದ ಅರಸನಿಗೂ ಯುದ್ಧವುಂಟಾಯಿತು. ಜೂನ್ 8ರಲ್ಲಿ ಅಯ್ಯನವರು ಗೂಢಚಾರನೆಂಬ ಸಂಶಯದಿಂದ ಹಿಡಿಯಲ್ಪಟ್ಟು, ಬೇಡಿ ಹಾಕಲ್ಪಟ್ಟು, ಮರಣದಂಡನೆಯವರ ಸೆರೆಮನೆಯಲ್ಲಿ ಇಡಲ್ಪಟ್ಟರು. ಅಮ್ಮನವರು ಗರ್ಭಿಣಿಯಾಗಿದ್ದೂ ದಿನದಿನವೂ ಎರಡು ಮೈಲು ನಡೆದು ಅನ್ನವನ್ನು ಒಯ್ಯುತ್ತಿದ್ದರು. ಅಧಿಕಾರಿಗಳ ಬಾಗಿಲುಗಳಲ್ಲಿ ನಿಂತು ಬೇಡಿಕೊಳ್ಳುತ್ತಿದ್ದರು. ಹೊಸ ಒಡಂಬಡಿಕೆಯ ಕೈಬರಹವನ್ನು ಒಂದು ಒರಟು ತಲೆದಿಂಬಿನೊಳಗೆ ಹೊಲಿದು ಗಂಡನಿಗೆ ಕೊಟ್ಟರು. ಸೆರೆಯಾಳುಗಳನ್ನು ಬೇರೆ ಕಡೆಗೆ ಎಳೆದೊಯ್ದಾಗ ಕಾವಲುಗಾರರು ಆ ದಿಂಬನ್ನು ಬಿಸಾಡಿಬಿಟ್ಟರು; ಮೌಂಗ್ ಇಂಗ್ ಎಂಬ ವಿಶ್ವಾಸಿಯು ಅದನ್ನು ಗುರುತಿಗಾಗಿ ಎತ್ತಿಟ್ಟುಕೊಂಡನು. ಒಳಗಿದ್ದ ಕೈಬರಹವು ಹೀಗೆ ಉಳಿಯಿತು.

1825ನೆಯ ಮೇ ತಿಂಗಳಲ್ಲಿ ಸೆರೆಯಾಳುಗಳನ್ನು ಔಂಗ್-ಪೆನ್-ಲ ಎಂಬ ಹಳ್ಳಿಗೆ ಸಾಗಿಸಿದರು. ಅಮ್ಮನವರು ಜನವರಿಯಲ್ಲಿ ಹುಟ್ಟಿದ ಮರಿಯ ಎಂಬ ಕೂಸನ್ನು ಎತ್ತಿಕೊಂಡು ಹಿಂಬಾಲಿಸಿದರು. ಅಲ್ಲಿ ಅವರೇ ಕಠಿಣ ರೋಗದಲ್ಲಿ ಬಿದ್ದು ಮೊಲೆಹಾಲು ಬತ್ತಿತು. ಕೂಸು ರಾತ್ರಿಯೆಲ್ಲಾ ಅಳುತ್ತಿತ್ತು. ಕಾವಲುಗಾರರಿಗೆ ಲಂಚ ಕೊಟ್ಟ ಮೇಲೆ, ಬೇಡಿಯಲ್ಲಿದ್ದ ತಂದೆಯು ಆ ಕೂಸನ್ನು ಎತ್ತಿಕೊಂಡು ಮನೆಮನೆಗೆ ಹೋಗಿ, ಎಳೆಮಕ್ಕಳುಳ್ಳ ತಾಯಂದಿರನ್ನು ಒಂದಿಷ್ಟು ಹಾಲು ಕೊಡಿರೆಂದು ಬೇಡಿದರು. ಆ ತಾಯಂದಿರು ಕೊಟ್ಟರು. ಅವರು ಸಭೆಯವರಲ್ಲ, ಶತ್ರುಪಕ್ಷದ ಊರಿನವರು, ತಾವೂ ಬಡವರು. ಬೋಧಿಸಲು ಬಂದವರ ಕೂಸು ಅವರ ಮೊಲೆಹಾಲಿನಿಂದ ಬದುಕಿತು. ಸಹೋದರಿಯರೇ, ನೆರೆಮನೆಯವರು ನಮ್ಮ ಮತದವರಲ್ಲವೆಂದು ಮುಖ ತಿರುಗಿಸುವ ಬುದ್ಧಿ ನಮ್ಮಲ್ಲಿ ಹುಟ್ಟಿದಾಗ ಆ ತಾಯಂದಿರನ್ನು ನೆನಸಿಕೊಳ್ಳೋಣ.

1826ನೆಯ ಫೆಬ್ರವರಿಯಲ್ಲಿ ಯುದ್ಧ ಮುಗಿದು ಬಿಡುಗಡೆಯಾಯಿತು. ಅದೇ ಐರಾವತಿಯಲ್ಲಿ, ಈ ಸಲ ಪ್ರವಾಹದೊಂದಿಗೆ, ಗಂಡಹೆಂಡಿರೂ ಕೂಸೂ ಇಳಿದು ಬಂದರು. ಅಂದಿನ ಬೆಳುದಿಂಗಳ ರಾತ್ರಿಯ ದೋಣಿಯಾತ್ರೆಯನ್ನು ಅಯ್ಯನವರು ಜೀವಮಾನವೆಲ್ಲಾ ಮರೆಯಲಿಲ್ಲ. ಜುಲೈಯಲ್ಲಿ ಅಮ್ಮನವರು ಕರಾವಳಿಯ ಹೊಸ ಊರಾದ ಆಮ್‌ಹರ್ಸ್ಟಿನಲ್ಲಿ ಇಳಿದರು. ಅಯ್ಯನವರು ಸಂಧಾನದ ಕಾರ್ಯಕ್ಕಾಗಿ ಮತ್ತೆ ಆವಕ್ಕೆ ಹೋಗಬೇಕಾಯಿತು. ಅಮ್ಮನವರು ಅಲ್ಲಿ ಬಿದಿರಿನ ಮನೆಯನ್ನೂ ಪಾಠಶಾಲೆಯನ್ನೂ ಕಟ್ಟಿಸುತ್ತಿರಲು ಜ್ವರ ಹಿಡಿದು, ಅಕ್ಟೋಬರ 24ರಲ್ಲಿ, ಗಂಡನು ಹತ್ತಿರವಿಲ್ಲದಾಗ, 36ನೆಯ ವಯಸ್ಸಿನಲ್ಲಿ ಪ್ರಾಣಬಿಟ್ಟರು. ಬರ್ಮದ ವಿಶ್ವಾಸಿಗಳು ಸುತ್ತಲೂ ನಿಂತು ಅತ್ತರು. ಒಂದು ಮರದ ಕೆಳಗೆ ಸಮಾಧಿಯಾಯಿತು. ಆರು ತಿಂಗಳಲ್ಲಿ ಮರಿಯಳೂ ತಾಯಿಯ ಪಕ್ಕದಲ್ಲಿ ಇಡಲ್ಪಟ್ಟಳು.

ತಲೆದಿಂಬಿನಲ್ಲಿ ಉಳಿದ ಬರಹವು ವ್ಯರ್ಥವಾಗಲಿಲ್ಲ. 1834ರಲ್ಲಿ ಅಯ್ಯನವರು ಸಂಪೂರ್ಣ ಸತ್ಯವೇದವನ್ನು ಬರ್ಮದ ಭಾಷೆಗೆ ತಿರುಗಿಸಿ ಮುಗಿಸಿದರು. ಅದರ ಹಿಂದಿನ ವರುಷ ಕಂಪೆನಿಯ ಸನ್ನದು ಹೊಸದಾಗಿ ಬರೆಯಲ್ಪಟ್ಟು, ಜಡ್ಸನ್ ದಂಪತಿಗಳಿಗೆ ಮುಚ್ಚಿದ್ದ ಬಾಗಿಲು ಇತರ ದೇಶದ ಸುವಾರ್ತಿಕರಿಗೆ ತೆರೆಯಲ್ಪಟ್ಟಿತ್ತು. ಆ ಬಾಗಿಲಿನಿಂದಲೇ 1834ರಲ್ಲಿ ಬಾಸೆಲಿನ ಮೂವರು ಮಂಗಳೂರಿಗೆ ಬಂದರು. ಅಯ್ಯನವರು 1850ನೆಯ ಏಪ್ರಿಲ್ 12ರಲ್ಲಿ ಸಮುದ್ರಯಾನದಲ್ಲಿಯೇ ತೀರಿಕೊಂಡು ಸಮುದ್ರಕ್ಕೆ ಒಪ್ಪಿಸಲ್ಪಟ್ಟರು.

ಪ್ರಿಯರೇ, ನಮ್ಮ ಹಳ್ಳಿಗಳಿಗೆ ಹಡಗು ಬರುವುದಿಲ್ಲ. ಆದರೆ ಬಿಟ್ಟುಹೋಗುವ ದಾರಿ ಎಲ್ಲ ಊರಲ್ಲಿಯೂ ಇದೆ. ಸಭೆ ಚಿಕ್ಕದು, ಜನ ಕೇಳುವುದಿಲ್ಲ, ಮಗು ತೀರಿಕೊಂಡಿತು, ಬೆಳೆ ಕೆಟ್ಟಿತು, ಸಂಗಡಿಗರು ಹೊರಟುಹೋದರು; ನಾವೇಕೆ ಇರಬೇಕು ಎಂಬ ಮಾತು ಉಪದೇಶಿಯ ಮನಸ್ಸಿಗೂ ಬರುವುದು, ಒಕ್ಕಲಿಗನ ಮನಸ್ಸಿಗೂ ಬರುವುದು. ಆಗ ಆ ನದಿಯಲ್ಲಿ ತಡೆದು ನಿಂತ ಹಡಗನ್ನೂ, ಅದರಿಂದ ಇಳಿದು ದೋಣಿಯಲ್ಲಿ ಒಬ್ಬಂಟಿಗರಾಗಿ ಹಿಂದಿರುಗಿದ ಅಮ್ಮನವರನ್ನೂ ಜ್ಞಾಪಕಕ್ಕೆ ತಂದುಕೊಳ್ಳೋಣ. ಗಂಡನು ಬರುವನೆಂದು ಅವರಿಗೆ ತಿಳಿದಿರಲಿಲ್ಲ. ಮೌಂಗ್ ನೌ ನಂಬುವನೆಂದೂ ತಿಳಿದಿರಲಿಲ್ಲ. ತಮ್ಮ ಕೆಲಸ ಆ ದಡದಲ್ಲಿ ಇದೆಯೆಂಬುದು ಮಾತ್ರ ತಿಳಿದಿತ್ತು. ನಮ್ಮ ನಮ್ಮ ದಡದಲ್ಲಿ ನಿಲ್ಲುವುದಕ್ಕೆ ಕರ್ತನು ನಮಗೂ ಬಲ ಕೊಡಲಿ.